ಬಾಂಡ್: ಯಾರಿಗೆ ಕೊಟ್ಟ ಸಾಲ, ಯಾವಾಗ ಮರಳುವ ಹಣ?

ಸರಗೂರು, ಎಚ್.ಡಿ. ಕೋಟೆ, ಹುಣಸೂರು ಕಡೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಪಹಣಿ, ರೇಷನ್ ಕಾರ್ಡು, ಪಾಸ್‌ಬುಕ್ಕುಗಳ ಜೊತೆ ಒಂದು ಭಾಗ್ಯಲಕ್ಷ್ಮಿ ಬಾಂಡ್ ಇರುತ್ತದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗಾಗಿ ರಾಜ್ಯ ಸರ್ಕಾರ 2006ರಲ್ಲಿ ತಂದ ಯೋಜನೆ ಅದು. 2008ರಲ್ಲಿ ಪರಿಷ್ಕರಿಸಿದ ಮೇಲೆ, ಕುಟುಂಬದ ಮೊದಲ ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ 19,300 ರೂಪಾಯಿಯನ್ನು ಎಲ್‌ಐಸಿಯಲ್ಲಿ ತೊಡಗಿಸುತ್ತಿತ್ತು. ಮಗಳು ಶಾಲೆಗೆ ಹೋಗಿ, 18 ತುಂಬುವವರೆಗೆ ಮದುವೆಯಾಗದೆ ಇದ್ದರೆ ಕೈಗೆ ಬರುವುದು ಸುಮಾರು 1 ಲಕ್ಷ ರೂಪಾಯಿ. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 9.5ರ ಆಸುಪಾಸಿನ ಚಕ್ರಬಡ್ಡಿ.

ಇದು ಪೇಟೆಯಲ್ಲಿ ಮಾರಬಹುದಾದ ಬಾಂಡ್ ಅಲ್ಲ. ಆದರೆ ಬಾಂಡ್ ಎಂಬುದರಲ್ಲಿ ಇರಬೇಕಾದ ಮೂರೂ ಸಂಗತಿ ಇದರಲ್ಲಿವೆ: ಹಣ ಕೊಡಬೇಕಾದವರು ಯಾರು, ಎಷ್ಟು ಕೊಡಬೇಕು, ಯಾವ ದಿನ ಕೊಡಬೇಕು. ಬಾಂಡ್, ಠೇವಣಿ, ಅಂಚೆ ಕಚೇರಿಯ ಉಳಿತಾಯ ಎಲ್ಲವನ್ನೂ ಸೇರಿಸಿ ‘ನಿಶ್ಚಿತ ಆದಾಯದ ಹೂಡಿಕೆ’ ಎನ್ನುತ್ತಾರೆ. ಹೂಡುವಾಗ ನಮ್ಮಲ್ಲಿ ಮೊದಲು ಕೇಳುವುದು ‘ಎಷ್ಟು’ ಎಂದು. ವರ್ಷಕ್ಕೊಮ್ಮೆ ಹೊಗೆಸೊಪ್ಪಿನದೋ ಹತ್ತಿಯದೋ ಶುಂಠಿಯದೋ ಹಣ ಒಟ್ಟಿಗೆ ಬಂದು, ಉಳಿದ ತಿಂಗಳುಗಳಲ್ಲಿ ಬರೀ ಖರ್ಚೇ ಇರುವ ಮನೆಗೆ ‘ಯಾವಾಗ’ ಮತ್ತು ‘ಯಾರು’ ಎಂಬ ಪ್ರಶ್ನೆಗಳೇ ಮುಖ್ಯ.

ಬಡ್ಡಿ ಮಾತು: ತಿಂಗಳದೋ ವರ್ಷದ್ದೋ

ಬಾಂಡ್ ಕೊಳ್ಳುವುದೆಂದರೆ ಸಾಲ ಕೊಡುವುದು. ಸರ್ಕಾರವೋ ಕಂಪನಿಯೋ ನಗರಸಭೆಯೋ ನಿಮ್ಮಿಂದ ಸಾಲ ಪಡೆಯುತ್ತದೆ. ಹೇಳಿದ ದಿನಗಳಂದು ಬಡ್ಡಿ ಕೊಟ್ಟು, ಅವಧಿ ಮುಗಿದ ದಿನ ಅಸಲು ಹಿಂದಿರುಗಿಸುತ್ತದೆ. ಷೇರು ಕೊಂಡರೆ ಕಂಪನಿಯಲ್ಲಿ ಪಾಲುದಾರರು, ಲಾಭವಾದರೆ ಪಾಲು ಉಂಟು, ನಷ್ಟವಾದರೆ ಅದೂ ಉಂಟು. ಬಾಂಡ್ ಕೊಂಡವರು ಸಾಲ ಕೊಟ್ಟವರು. ಕಂಪನಿ ಎಷ್ಟೇ ಗಳಿಸಿದರೂ ಒಪ್ಪಿದ ಬಡ್ಡಿಗಿಂತ ಹೆಚ್ಚು ಬರದು. ಕಂಪನಿ ಮುಳುಗಿದರೆ ಷೇರುದಾರರಿಗಿಂತ ಮೊದಲು ಕೇಳುವ ಹಕ್ಕು ಇರುತ್ತದೆ.

ಇಲ್ಲಿ ಒಂದು ಲೆಕ್ಕ ಸರಿಮಾಡಿಕೊಳ್ಳಬೇಕು. ಊರಿನ ಕೈಸಾಲದಲ್ಲಿ ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎಂದರೆ ತಿಂಗಳಿಗೆ ಎರಡು. ವರ್ಷಕ್ಕೆ ಶೇ 24. ‘ನೂರಕ್ಕೆ ಮೂರು’ ಎಂದರೆ ಶೇ 36. ಬ್ಯಾಂಕು, ಅಂಚೆ ಕಚೇರಿ, ಬಾಂಡ್‌ಗಳಲ್ಲಿ ಹೇಳುವ ದರ ವರ್ಷದ್ದು. ಶೇ 7ರ ಬಾಂಡ್ ಎಂದರೆ ಊರಿನ ಲೆಕ್ಕದಲ್ಲಿ ನೂರಕ್ಕೆ ಐವತ್ತೆಂಟು ಪೈಸೆ. ಇದನ್ನು ಕೇಳಿ ‘ಅಷ್ಟೇನಾ?’ ಎಂದು ಅನಿಸುವುದು ಸಹಜ. ಆದರೆ ನೂರಕ್ಕೆ ಎರಡು ಕೊಡಲು ಒಪ್ಪುವವರು, ಅದಕ್ಕಿಂತ ಕಡಿಮೆಗೆ ಬ್ಯಾಂಕಿನಲ್ಲಿ ಸಾಲ ಹುಟ್ಟದವರು. ಆ ಹೆಚ್ಚಿನ ಬಡ್ಡಿ ಅಸಲು ಬಾರದೇ ಹೋಗಬಹುದಾದ ಅಪಾಯದ ಬೆಲೆ.

ಇದೇ ಲೆಕ್ಕದಿಂದ ಮೊದಲ ನಿಯಮವೂ ಸಿಗುತ್ತದೆ. ನಿಮ್ಮ ತಲೆಯ ಮೇಲೆ ನೂರಕ್ಕೆ ಎರಡರ ಕೈಸಾಲವಿದ್ದರೆ, ಶೇ 7ರ ಬಾಂಡ್ ಕೊಳ್ಳಬೇಡಿ. ಮೊದಲು ಸಾಲ ತೀರಿಸಿ. ಶೇ 24ರ ಸಾಲ ತೀರಿಸಿದರೆ ಶೇ 24 ಗಳಿಸಿದಂತೆಯೇ, ಅದೂ ಅಪಾಯವಿಲ್ಲದೆ. ಆಮೇಲೆ ಒಡವೆ ಸಾಲ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲದ ಮಾತು ಬೇರೆ: ರಾಜ್ಯದಲ್ಲಿ ಅದರ ಮಿತಿಯನ್ನು 2023ರಲ್ಲಿ 5 ಲಕ್ಷಕ್ಕೆ ಏರಿಸಲಾಯಿತು. ಅದನ್ನು ಗಡುವಿನ ದಿನ ಕಟ್ಟಿದರೆ ಸಾಕು, ಮುಂಚೆ ಕಟ್ಟಬೇಕಿಲ್ಲ. ಆದರೆ ಗಡುವು ತಪ್ಪಿದರೆ ರಿಯಾಯಿತಿ ಕೈಬಿಡುತ್ತದೆ.

ಬಾಂಡಿನ ಹೆಸರನ್ನು ಓದುವುದು

ಕೇಂದ್ರ ಸರ್ಕಾರದ ಒಂದು ಬಾಂಡಿನ ಹೆಸರು ‘7.18% ಜಿಎಸ್ 2033’. ಜಿಎಸ್ ಎಂದರೆ ಸರ್ಕಾರಿ ಸಾಲಪತ್ರ. ಸಾಲಗಾರ ಭಾರತ ಸರ್ಕಾರ. 7.18 ಎಂಬುದು ಕೂಪನ್, ಅಂದರೆ ಮುಖಬೆಲೆಯ ಮೇಲೆ ವರ್ಷಕ್ಕೆ ಸಿಗುವ ಬಡ್ಡಿ. 2033 ಅಸಲು ಮರಳುವ ವರ್ಷ. 1 ಲಕ್ಷ ಮುಖಬೆಲೆಯ ಬಾಂಡ್ ನಿಮ್ಮಲ್ಲಿದ್ದರೆ ವರ್ಷಕ್ಕೆ 7,180 ರೂಪಾಯಿ, ಆರು ತಿಂಗಳಿಗೊಮ್ಮೆ 3,590ರಂತೆ ಬ್ಯಾಂಕ್ ಖಾತೆಗೆ ಬೀಳುತ್ತದೆ. 2033ರಲ್ಲಿ 1 ಲಕ್ಷ ವಾಪಸ್.

ಸರ್ಕಾರ ಅಲ್ಪಾವಧಿಗೂ ಸಾಲ ಪಡೆಯುತ್ತದೆ. 91, 182, 364 ದಿನಗಳ ಅವಧಿಯ ಇವುಗಳ ಹೆಸರು ಟ್ರೆಷರಿ ಬಿಲ್. ಇವಕ್ಕೆ ಬಡ್ಡಿ ಎಂದು ಬೇರೆ ಕೊಡುವುದಿಲ್ಲ. ಮುಖಬೆಲೆಗಿಂತ ಕಡಿಮೆಗೆ ಮಾರಿ, ಕೊನೆಯ ದಿನ ಪೂರ್ಣ ಮುಖಬೆಲೆ ಕೊಡುತ್ತಾರೆ. ದರ ಶೇ 5.5 ಇದ್ದರೆ, 91 ದಿನಗಳ 100 ರೂಪಾಯಿಯ ಬಿಲ್ ಸುಮಾರು 98 ರೂಪಾಯಿ 65 ಪೈಸೆಗೆ ಸಿಗುತ್ತದೆ.

ಕರ್ನಾಟಕ ಸರ್ಕಾರವೂ ಹೀಗೆಯೇ ಬಾಂಡ್ ಹೊರಡಿಸಿ ಸಾಲ ಪಡೆಯುತ್ತದೆ. ಹರಾಜು ನಡೆಸುವುದು, ಬಡ್ಡಿ ಮತ್ತು ಅಸಲಿನ ಪಾವತಿ ನೋಡಿಕೊಳ್ಳುವುದು ರಿಸರ್ವ್ ಬ್ಯಾಂಕ್. ರಾಜ್ಯದ ಬಾಂಡ್‌ಗೆ ಸಾಮಾನ್ಯವಾಗಿ ಕೇಂದ್ರದ ಬಾಂಡ್‌ಗಿಂತ ತುಸು ಹೆಚ್ಚು ಬಡ್ಡಿ ಇರುತ್ತದೆ.

ಬೆಲೆ ಏಕೆ ಏರಿಳಿಯುತ್ತದೆ

‘ನಿಶ್ಚಿತ ಆದಾಯ ಎನ್ನುತ್ತೀರಿ, ಮತ್ತೆ ಬೆಲೆ ಕುಸಿಯಿತು ಎನ್ನುತ್ತೀರಿ, ಅದು ಹೇಗೆ?’ ಬಾಂಡ್ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಇದೇ.

ನೀವು 10 ವರ್ಷದ, ಶೇ 7ರ ಬಾಂಡನ್ನು 100 ರೂಪಾಯಿಗೆ ಕೊಂಡಿರಿ ಎನ್ನಿ. ಮಾರನೆಯ ದಿನವೇ ದೇಶದಲ್ಲಿ ಬಡ್ಡಿದರ ಏರಿ, ಅಂಥದ್ದೇ ಹೊಸ ಬಾಂಡ್‌ಗೆ ಶೇ 8 ಸಿಗತೊಡಗಿತು. ಈಗ ನಿಮ್ಮ ಶೇ 7ರ ಬಾಂಡನ್ನು 100 ರೂಪಾಯಿ ಕೊಟ್ಟು ಯಾರು ಕೊಳ್ಳುತ್ತಾರೆ? ಬೆಲೆ ಇಳಿಸಿದರೆ ಮಾತ್ರ ಗಿರಾಕಿ ಸಿಗುವುದು. ಎಷ್ಟು ಇಳಿಸಬೇಕೆಂದರೆ, ಕೊಂಡವರಿಗೆ ಕೊನೆಯವರೆಗಿನ ಗಳಿಕೆ ಶೇ 8 ಆಗುವಷ್ಟು. ಲೆಕ್ಕ ಮಾಡಿದರೆ ಅದು 93 ರೂಪಾಯಿ 29 ಪೈಸೆ. ಬಡ್ಡಿದರ ಶೇ 6ಕ್ಕೆ ಇಳಿದಿದ್ದರೆ ಅದೇ ಬಾಂಡ್ 107 ರೂಪಾಯಿ 36 ಪೈಸೆಗೆ ಹೋಗುತ್ತಿತ್ತು. ಬಡ್ಡಿದರ ಮೇಲಕ್ಕೆ, ಹಳೆಯ ಬಾಂಡಿನ ಬೆಲೆ ಕೆಳಕ್ಕೆ. ಬಡ್ಡಿದರ ಕೆಳಕ್ಕೆ, ಬೆಲೆ ಮೇಲಕ್ಕೆ.

ಅವಧಿ ಉದ್ದವಾದಷ್ಟೂ ಈ ಏರಿಳಿತ ಜೋರು. ಶೇ 7ರಿಂದ 8ಕ್ಕೆ ದರ ಏರಿದಾಗ 2 ವರ್ಷದ ಬಾಂಡ್ 98 ರೂಪಾಯಿ 22 ಪೈಸೆಗೆ ಇಳಿದರೆ, 30 ವರ್ಷದ್ದು 88 ರೂಪಾಯಿ 74 ಪೈಸೆಗೆ ಇಳಿಯುತ್ತದೆ. ಇದು ಬರೀ ಕಾಗದದ ಲೆಕ್ಕವಲ್ಲ. 2022ರ ಮೇ ಆರಂಭದಲ್ಲಿ ಶೇ 4 ಇದ್ದ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ರಿಸರ್ವ್ ಬ್ಯಾಂಕ್ 2023ರ ಫೆಬ್ರುವರಿ ಹೊತ್ತಿಗೆ ಶೇ 6.5ಕ್ಕೆ ಒಯ್ದಿತು. ಆ ಅವಧಿಯಲ್ಲಿ ಹಳೆಯ ದೀರ್ಘಾವಧಿ ಬಾಂಡ್‌ಗಳನ್ನು ಮಾರಲೇಬೇಕಾದವರು ನಷ್ಟ ಅನುಭವಿಸಿದರು. 2025ರಲ್ಲಿ ದರ ಇಳಿಯುತ್ತಾ ಶೇ 5.25ಕ್ಕೆ ಬಂದಾಗ ಹಳೆಯ ಬಾಂಡ್‌ಗಳಿಗೆ ಬೆಲೆ ಬಂತು.

ಮಾರದೆ ಕಾದವರ ಗತಿ? ಅವರಿಗೆ ಬರಬೇಕಾದ ಬಡ್ಡಿ ಬರುತ್ತಲೇ ಇತ್ತು. ಕೊನೆಯ ದಿನ ಅಸಲೂ ಪೂರ್ತಿ ಬರುತ್ತದೆ. ಅವಧಿ ಮುಗಿಯುವ ದಿನದವರೆಗೆ ಇಟ್ಟುಕೊಳ್ಳುವವರಿಗೆ ಮಧ್ಯದ ಬೆಲೆ ಲೆಕ್ಕಕ್ಕಿಲ್ಲ. ಬಾಂಡ್ ಮುಗಿಯುವ ದಿನವನ್ನೂ ಹಣ ಬೇಕಾಗುವ ದಿನವನ್ನೂ ಹೊಂದಿಸಿ ಎನ್ನುವುದು ಇದಕ್ಕೇ.

ಇನ್ನೊಂದು ಎಚ್ಚರ. ಪೇಟೆಯಲ್ಲಿ ಹಳೆಯ ಬಾಂಡ್ ಕೊಳ್ಳುವಾಗ ಕೂಪನ್ ನೋಡಿ ಮೋಹಗೊಳ್ಳಬಾರದು. 7.18ರ ಬಾಂಡನ್ನು 104 ರೂಪಾಯಿ ಕೊಟ್ಟು ಕೊಂಡರೆ ಹಾಕಿದ ಹಣದ ಮೇಲೆ ಬಡ್ಡಿ ಶೇ 6.9 ಆಯಿತು, ಸಾಲದ್ದಕ್ಕೆ ಕೊನೆಗೆ ಸಿಗುವುದು 104 ಅಲ್ಲ, 100. ಈ ಎಲ್ಲವನ್ನೂ ಕೂಡಿ ಕಳೆದು ಬರುವ ನಿಜವಾದ ಗಳಿಕೆಯನ್ನೇ ‘ಯೀಲ್ಡ್’ ಎನ್ನುವುದು. ಎರಡು ಬಾಂಡ್‌ಗಳನ್ನು ಹೋಲಿಸುವಾಗ ಕೇಳಬೇಕಾದದ್ದು ಯೀಲ್ಡ್ ಎಷ್ಟು ಎಂದು.

ಸಾಲಗಾರ ಯಾರು?

ಎಲ್ಲಕ್ಕಿಂತ ಗಟ್ಟಿ ಸಾಲಗಾರ ಕೇಂದ್ರ ಸರ್ಕಾರ. ಅದರ ಬಾಂಡ್, ಟ್ರೆಷರಿ ಬಿಲ್, ಅಂಚೆ ಕಚೇರಿಯ ಉಳಿತಾಯ ಯೋಜನೆಗಳು ಈ ಸಾಲಿನವು. ನಂತರ ರಾಜ್ಯ ಸರ್ಕಾರಗಳು. ಆಮೇಲೆ ಸರ್ಕಾರದ ಖಾತರಿಯಿರುವ ನಿಗಮ, ಪಾಲಿಕೆಗಳು. ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ 1994ರಲ್ಲಿ ಹುಟ್ಟಿದ ಕೃಷ್ಣಾ ಭಾಗ್ಯ ಜಲ ನಿಗಮ ರಾಜ್ಯದ ಖಾತರಿಯೊಂದಿಗೆ ಬಾಂಡ್ ಮಾರಿಯೇ ಹಣ ಹೊಂದಿಸಿತು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತು. ದೇಶದಲ್ಲಿ ಪಾಲಿಕೆಯೊಂದು ಹಾಗೆ ಮಾಡಿದ್ದು ಅದೇ ಮೊದಲು. ಅದರ ಬೆನ್ನಿಗೂ ರಾಜ್ಯದ ಖಾತರಿ ಇತ್ತು.

ಕಂಪನಿಗಳಿಗೆ ಕ್ರಿಸಿಲ್, ಇಕ್ರಾ, ಕೇರ್‌ನಂತಹ ಸಂಸ್ಥೆಗಳು ಶ್ರೇಣಿ ಕೊಡುತ್ತವೆ. ಎಎಎ ಅತ್ಯುತ್ತಮ, ಡಿ ಎಂದರೆ ಸಾಲ ತೀರಿಸದೆ ಕೈಯೆತ್ತಿದವರು. ಶ್ರೇಣಿ ಒಂದು ಅಂದಾಜೇ ಹೊರತು ಖಾತರಿಯಲ್ಲ. 2018ರಲ್ಲಿ ಐಎಲ್‌ಅಂಡ್‌ಎಫ್‌ಎಸ್ ಎಂಬ ದೊಡ್ಡ ಹಣಕಾಸು ಕಂಪನಿಯ ಶ್ರೇಣಿ ಕೆಲವೇ ವಾರಗಳಲ್ಲಿ ತುತ್ತತುದಿಯಿಂದ ಡಿಗೆ ಬಿತ್ತು. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ 8,415 ಕೋಟಿ ರೂಪಾಯಿಯ ‘ಎಟಿ-1’ ಬಾಂಡ್‌ಗಳನ್ನು ಸೊನ್ನೆ ಮಾಡಲಾಯಿತು. ವಿವಾದ ಕೋರ್ಟ್ ಮೆಟ್ಟಿಲೇರಿತು. ಎಫ್‌ಡಿಗಿಂತ ಹೆಚ್ಚು ಬಡ್ಡಿ ಎಂಬ ಮಾತು ಕೇಳಿ ಅವನ್ನು ಕೊಂಡವರಲ್ಲಿ ಹಿರಿಯ ನಾಗರಿಕರೂ ಇದ್ದರು. ಬ್ಯಾಂಕ್ ಮುಗ್ಗರಿಸಿದರೆ ಈ ಬಾಂಡಿನ ಹಣ ಹೋಗಬಹುದು ಎಂಬ ಷರತ್ತು ಕಾಗದದಲ್ಲೇ ಇತ್ತು. ಒಂದೇ ಬ್ಯಾಂಕಿನ ಠೇವಣಿ ಬೇರೆ, ಅದೇ ಬ್ಯಾಂಕಿನ ಬಾಂಡ್ ಬೇರೆ.

ಠೇವಣಿಗಳಲ್ಲೂ ಎಲ್ಲವೂ ಒಂದೇ ಅಲ್ಲ. ಬ್ಯಾಂಕ್ ಮುಳುಗಿದರೆ ಪ್ರತಿ ಠೇವಣಿದಾರರಿಗೆ, ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮುಂಚೆ ಇದು 1 ಲಕ್ಷ ಮಾತ್ರ ಇತ್ತು. ಈ ವಿಮೆ ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಮತ್ತು ಪಟ್ಟಣ ಸಹಕಾರ ಬ್ಯಾಂಕುಗಳಿಗೆ ಅನ್ವಯಿಸುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕಾಗಲಿ, ಬ್ಯಾಂಕ್ ಪರವಾನಗಿ ಇಲ್ಲದ ಸೌಹಾರ್ದ ಸಹಕಾರಿಗಾಗಲಿ ಅನ್ವಯಿಸುವುದಿಲ್ಲ. ಸಂಘ ಚೆನ್ನಾಗಿ ನಡೆಯುತ್ತಿರಬಹುದು, ಕಾರ್ಯದರ್ಶಿ ನಂಬಿಕಸ್ಥರಿರಬಹುದು. ಅಲ್ಲಿನ ಠೇವಣಿಗೆ ವಿಮೆ ಇಲ್ಲ ಎಂಬುದು ಗೊತ್ತಿರಲಿ. ವಿಮೆ ಇದ್ದರೂ ಹಣ ತಕ್ಷಣ ಸಿಗುತ್ತದೆ ಎಂದಲ್ಲ: 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಠೇವಣಿದಾರರು ತೆಗೆಯಬಹುದಾದ ಮೊತ್ತ 35,000 ರೂಪಾಯಿಗೆ ನಿಂತಿತು.

ಕಟ್ಟಕಡೆಯವರು, ತಿಂಗಳಿಗೆ ನೂರಕ್ಕೆ ಎರಡು ಮೂರು ಕೊಡುತ್ತೇವೆಂದು ಊರೂರಿಗೆ ಏಜೆಂಟರನ್ನು ಬಿಡುವವರು. 2019ರಲ್ಲಿ ಕುಸಿದ ಬೆಂಗಳೂರಿನ ಹೂಡಿಕೆ ಸಂಸ್ಥೆ ಐಎಂಎಯ ಪ್ರಕರಣ ಎಲ್ಲರಿಗೂ ನೆನಪಿರಬೇಕು. ಇಂಥವರನ್ನು ಹಿಡಿಯಲು ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯೂ, ಕೇಂದ್ರದ 2019ರ ಕಾನೂನೂ ಇವೆ. ಆದರೆ ಕಾನೂನು ಬರುವುದು ಹಣ ಹೋದ ಮೇಲೆ.

ಸಾಲಗಾರ ಮುಂಚೆಯೇ ತೀರಿಸಿಬಿಟ್ಟರೆ?

ಹಣ ತಡವಾಗಿ ಬಂದರಷ್ಟೇ ನಷ್ಟವಲ್ಲ, ಬೇಗ ಬಂದರೂ ನಷ್ಟವಾಗಬಹುದು. ಗುಜರಾತಿನ ಸರ್ದಾರ್ ಸರೋವರ ನರ್ಮದಾ ನಿಗಮ 1993ರಲ್ಲಿ 3,600 ರೂಪಾಯಿಗೆ ಒಂದು ಬಾಂಡ್ ಮಾರಿತು. 20 ವರ್ಷದ ನಂತರ 1,11,000 ರೂಪಾಯಿ ಕೊಡುವ ಮಾತು. ವರ್ಷಕ್ಕೆ ಶೇ 18ಕ್ಕೂ ಹೆಚ್ಚು. ಆಮೇಲೆ ದೇಶದಲ್ಲಿ ಬಡ್ಡಿದರ ಇಳಿಯಿತು. ಅಷ್ಟು ದುಬಾರಿ ಸಾಲ ಭಾರವೆನಿಸಿ, ಗುಜರಾತ್ ಸರ್ಕಾರ 2008ರಲ್ಲಿ ಕಾನೂನನ್ನೇ ತಂದು, 2009ರ ಜನವರಿಯಲ್ಲಿ ಬಾಂಡ್ ಒಂದಕ್ಕೆ 50,000 ರೂಪಾಯಿ ಕೊಟ್ಟು ಲೆಕ್ಕ ಚುಕ್ತಾ ಮಾಡಿತು. ಕೊಂಡವರಿಗೆ ಒಳ್ಳೆಯ ಲಾಭವೇ ಆಗಿತ್ತು. ಆದರೆ ಇನ್ನೈದು ವರ್ಷ ಕಾದರೆ ಬರುತ್ತಿದ್ದ ದೊಡ್ಡ ಮೊತ್ತವನ್ನು ನಂಬಿದ್ದವರ ಲೆಕ್ಕ ತಪ್ಪಿತು. ಹಲವು ಬಾಂಡ್‌ಗಳಲ್ಲಿ ಮುಂಚಿತವಾಗಿ ತೀರಿಸುವ ಈ ಹಕ್ಕನ್ನು ‘ಕಾಲ್ ಆಪ್ಷನ್’ ಎಂದು ಮೊದಲೇ ಬರೆದಿರುತ್ತಾರೆ. ಅದು ಇದೆಯೇ, ಯಾವ ದಿನಾಂಕಕ್ಕೆ ಎಂದು ಕೊಳ್ಳುವ ಮುಂಚೆಯೇ ನೋಡಬೇಕು.

ಎಲ್ಲಿ ಕೊಳ್ಳುವುದು, ಎಷ್ಟರಿಂದ

ಸರ್ಕಾರಿ ಬಾಂಡ್‌ಗಳು ಬಹುಕಾಲ ಬ್ಯಾಂಕುಗಳೂ ವಿಮಾ ಕಂಪನಿಗಳೂ ಕೊಳ್ಳುವ ವಸ್ತುವಾಗಿದ್ದವು. 2021ರ ನವೆಂಬರ್ 12ರಂದು ಆರಂಭವಾದ ‘ಆರ್‌ಬಿಐ ರಿಟೇಲ್ ಡೈರೆಕ್ಟ್’ನಿಂದ ಯಾರು ಬೇಕಾದರೂ ರಿಸರ್ವ್ ಬ್ಯಾಂಕಿನಲ್ಲೇ ನೇರ ಖಾತೆ ತೆರೆಯಬಹುದು. ಪ್ಯಾನ್, ಆಧಾರ್, ಉಳಿತಾಯ ಖಾತೆ, ಮೊಬೈಲ್ ಸಂಖ್ಯೆ, ಇ–ಮೇಲ್ ಸಾಕು, ಖಾತೆಗೆ ಶುಲ್ಕವಿಲ್ಲ. 2024ರಲ್ಲಿ ಇದರ ಮೊಬೈಲ್ ಆ್ಯಪ್ ಕೂಡ ಬಂತು. ಕನಿಷ್ಠ 10,000 ರೂಪಾಯಿಯಿಂದ ಕೇಂದ್ರದ ಬಾಂಡ್, ರಾಜ್ಯದ ಬಾಂಡ್, ಟ್ರೆಷರಿ ಬಿಲ್ ಮೂರನ್ನೂ ಕೊಳ್ಳಬಹುದು. ಹರಾಜಿನಲ್ಲಿ ನೀವು ದರ ಕೂಗಬೇಕಿಲ್ಲ. ಎಷ್ಟು ಹಣ ಎಂದು ತಿಳಿಸಿದರೆ, ದೊಡ್ಡ ಸಂಸ್ಥೆಗಳು ಕೂಗಿ ನಿರ್ಧಾರವಾದ ದರವೇ ನಿಮಗೂ ಸಿಗುತ್ತದೆ.

ಒಂದು ಕೊರತೆ ಇದೆ. ಸಣ್ಣ ಮೊತ್ತದ ಬಾಂಡನ್ನು ಅವಧಿಗೆ ಮುಂಚೆ ಮಾರಲು ಹೊರಟರೆ ಗಿರಾಕಿ ತಕ್ಷಣ ಸಿಗದಿರಬಹುದು, ಸಿಕ್ಕರೂ ಬೆಲೆ ಒಪ್ಪದಿರಬಹುದು. ಬೇಕೆಂದಾಗ ಮುರಿಸಬಹುದಾದ ಎಫ್‌ಡಿಯಂತೆ ಇದನ್ನು ಭಾವಿಸಬಾರದು.

ಆನ್‌ಲೈನ್ ಗೋಜು ಬೇಡವೆನ್ನುವವರಿಗೆ ಸ್ಟೇಟ್ ಬ್ಯಾಂಕ್ ಮುಂತಾದ ಬ್ಯಾಂಕುಗಳಲ್ಲಿ ಸಿಗುವ ‘ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್’ ಇದೆ. 2020ರ ಜುಲೈನಲ್ಲಿ ಬಂದದ್ದು, ಅವಧಿ 7 ವರ್ಷ, ಕನಿಷ್ಠ ಮೊತ್ತ 1,000 ರೂಪಾಯಿ. ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರದ ದರಕ್ಕೆ ಶೇ 0.35 ಸೇರಿಸಿ ಬಡ್ಡಿ ಕೊಡುತ್ತಾರೆ. 2025ರಲ್ಲಿ ಅದು ಶೇ 8.05 ಇತ್ತು. ಜನವರಿ 1 ಮತ್ತು ಜುಲೈ 1ಕ್ಕೆ ಬಡ್ಡಿ ಖಾತೆಗೆ ಬರುತ್ತದೆ. ಇದನ್ನು ಬೇರೆಯವರಿಗೆ ಮಾರುವಂತಿಲ್ಲ. 60 ದಾಟಿದವರನ್ನು ಬಿಟ್ಟರೆ ಉಳಿದವರು ಪೂರ್ತಿ ಏಳು ವರ್ಷ ಕಾಯಲೇಬೇಕು.

ಅಂಚೆ ಕಚೇರಿಯಲ್ಲಿ, 2025ರ ದರದಂತೆ, ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಶೇ 8.2, ಮಾಸಿಕ ಆದಾಯ ಯೋಜನೆಗೆ ಶೇ 7.4, ಕಿಸಾನ್ ವಿಕಾಸ ಪತ್ರಕ್ಕೆ ಶೇ 7.5. ಕಿಸಾನ್ ವಿಕಾಸ ಪತ್ರದಲ್ಲಿ ಹಣ ದುಪ್ಪಟ್ಟಾಗಲು 115 ತಿಂಗಳು. ಈ ದರಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಹೂಡುವ ದಿನದ ದರ ಕೇಳಿಕೊಂಡೇ ಮುಂದುವರಿಯಿರಿ.

ಒಂದು ಲೆಕ್ಕ: ಜನವರಿಯಲ್ಲಿ 6 ಲಕ್ಷ

ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಬೇಲುಗಳು ಮಾರಾಟವಾಗಿ, ಹತ್ತಿಯ ಹಣವೂ ಸೇರಿ, ಬ್ಯಾರನ್ ಸೌದೆಯಿಂದ ಹಿಡಿದು ಕೂಲಿಯವರೆಗೆ ಎಲ್ಲ ಬಾಕಿ ತೀರಿದ ಮೇಲೆ, ಜನವರಿಯಲ್ಲಿ ಒಂದು ಕುಟುಂಬದ ಖಾತೆಯಲ್ಲಿ 6 ಲಕ್ಷ ಉಳಿದಿದೆ ಎಂದುಕೊಳ್ಳೋಣ. ಮನೆಯಲ್ಲಿ 60 ದಾಟಿದ ತಾಯಿ, ಕಾಲೇಜು ಸೇರಲಿರುವ ಮಗಳು ಇದ್ದಾರೆ. ಇಡೀ ಮೊತ್ತವನ್ನು ಒಂದೇ ಐದು ವರ್ಷದ ಎಫ್‌ಡಿಯಲ್ಲಿ ಇಟ್ಟರೆ ಮೇ ತಿಂಗಳಲ್ಲಿ ಗೊಬ್ಬರಕ್ಕೆ ಕೈಸಾಲ ಮಾಡಬೇಕಾಗುತ್ತದೆ. ಉಳಿತಾಯ ಖಾತೆಯಲ್ಲೇ ಬಿಟ್ಟರೆ ಬಡ್ಡಿಯೂ ಅಷ್ಟಕ್ಕಷ್ಟೇ, ಹಣವೂ ಕರಗುತ್ತದೆ. ಅದರ ಬದಲು ಹೀಗೆ ಹಂಚಬಹುದು:

ಆಸ್ಪತ್ರೆಯಂಥ ತುರ್ತಿಗೆ 50,000 ಉಳಿತಾಯ ಖಾತೆಯಲ್ಲೇ ಇರಲಿ.

ಮುಂಗಾರಿನ ಬೀಜ, ಗೊಬ್ಬರ, ಉಳುಮೆಗೆ 1 ಲಕ್ಷ. ಜನವರಿ ನಡುವಿನಲ್ಲಿ 91 ದಿನಗಳ ಟ್ರೆಷರಿ ಬಿಲ್ ಕೊಂಡರೆ ಏಪ್ರಿಲ್ ನಡುವಿಗೆ ಹಣ ಖಾತೆಗೆ ಬಂದಿರುತ್ತದೆ. ಅಷ್ಟೇ ಅವಧಿಯ ಬ್ಯಾಂಕ್ ಠೇವಣಿಯೂ ಆದೀತು.

ಮಗಳ ಮೂರು ವರ್ಷದ ಕಾಲೇಜಿಗೆ ವರ್ಷಕ್ಕೆ 60,000ದಂತೆ 1.8 ಲಕ್ಷ. ಇದನ್ನು ಮೂರು ಭಾಗ ಮಾಡಿ, ಈ ವರ್ಷ, ಬರುವ ವರ್ಷ, ಅದರಾಚೆಯ ವರ್ಷದ ಮೇ ಕೊನೆಗೆ ಮುಗಿಯುವಂತೆ ಮೂರು ಠೇವಣಿ ಮಾಡುವುದು. ಹೀಗೆ ಒಂದರ ಮೇಲೊಂದು ದಿನಾಂಕ ಬರುವಂತೆ ಜೋಡಿಸುವುದಕ್ಕೆ ಹಣಕಾಸಿನವರು ಏಣಿ ಕಟ್ಟುವುದು ಎನ್ನುತ್ತಾರೆ.

ತಾಯಿಯ ಹೆಸರಲ್ಲಿ ಹಿರಿಯ ನಾಗರಿಕರ ಯೋಜನೆಗೆ 2 ಲಕ್ಷ. ಶೇ 8.2ರಂತೆ ಮೂರು ತಿಂಗಳಿಗೊಮ್ಮೆ 4,100 ರೂಪಾಯಿ ಅವರ ಕೈಗೇ ಬರುತ್ತದೆ. ಔಷಧಿಗೆ ಮಗನ ಮುಖ ನೋಡಬೇಕಿಲ್ಲ.

ಉಳಿದ 70,000ಕ್ಕೆ ಏಳು ವರ್ಷದ ತನಕ ಕೆಲಸವಿಲ್ಲ ಎಂಬುದು ಖಚಿತವಾದರೆ ಮಾತ್ರ ಫ್ಲೋಟಿಂಗ್ ರೇಟ್ ಬಾಂಡ್, ಇಲ್ಲವೇ ಆ ಹೊತ್ತಿಗೆ ಮುಗಿಯುವ ಸರ್ಕಾರಿ ಬಾಂಡ್.

ಮೊತ್ತಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ಕೆ.ಆರ್. ನಗರದ ಭತ್ತದ ಮನೆಯ ದಿನಾಂಕಗಳು ಬೇರೆ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಯವು ಬೇರೆ. ಮೊದಲು ಖರ್ಚಿನ ದಿನಾಂಕ ಬರೆದುಕೊಂಡು, ಆಮೇಲೆ ಹೂಡಿಕೆ ಆರಿಸುವ ಕ್ರಮ ಮಾತ್ರ ಎಲ್ಲರಿಗೂ ಒಂದೇ.

ತೆರಿಗೆ ಮತ್ತು ಬೆಲೆಯೇರಿಕೆ

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ನಿಜ. ಆದರೆ ಆ ಹಣವನ್ನು ಠೇವಣಿ ಇಟ್ಟು ಬಂದ ಬಡ್ಡಿ ಕೃಷಿ ಆದಾಯವಲ್ಲ. ಎಫ್‌ಡಿ, ಸರ್ಕಾರಿ ಬಾಂಡ್, ಫ್ಲೋಟಿಂಗ್ ರೇಟ್ ಬಾಂಡ್ ಎಲ್ಲದರ ಬಡ್ಡಿಯೂ ಒಟ್ಟು ಆದಾಯಕ್ಕೆ ಸೇರುತ್ತದೆ. ಆದಾಯ ಮಿತಿಯೊಳಗಿದ್ದರೆ ತೆರಿಗೆ ಬರದು.

ಎಲ್ಲರಿಗೂ ತಟ್ಟುವುದು ಬೆಲೆಯೇರಿಕೆ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ, 18 ವರ್ಷದ ನಂತರದ 1 ಲಕ್ಷ ಇಂದಿನ 35,000 ರೂಪಾಯಿಗೆ ಸಮ. ಶೇ 7ರ ಬಾಂಡ್ ಇಟ್ಟುಕೊಂಡವರಿಗೆ ಬೆಲೆಯೇರಿಕೆ ಶೇ 5 ಇದ್ದರೆ ನಿಜಕ್ಕೂ ಉಳಿಯುವುದು ಶೇ 2ರಷ್ಟು. ಆದ್ದರಿಂದ ಬಾಂಡ್ ಶ್ರೀಮಂತರಾಗುವ ದಾರಿಯಲ್ಲ. ದುಡಿದ ಹಣ ಬೇಕಾದ ದಿನ ಕೈಯಲ್ಲಿರುವಂತೆ ಮಾಡುವ ದಾರಿ.

ಯಾರಾದರೂ ಬಾಂಡ್ ಅಥವಾ ಠೇವಣಿಯ ಕಾಗದ ಮುಂದಿಟ್ಟರೆ, ಸಹಿ ಹಾಕುವ ಮುಂಚೆ ಐದು ಪ್ರಶ್ನೆ ಕೇಳಿ. ಸಾಲಗಾರ ಯಾರು, ಅವರ ಬೆನ್ನಿಗೆ ಸರ್ಕಾರದ ಖಾತರಿಯೋ ವಿಮೆಯೋ ಇದೆಯೇ? ಹೇಳುತ್ತಿರುವ ಬಡ್ಡಿ ತಿಂಗಳದೋ ವರ್ಷದ್ದೋ? ಅಸಲು ಮರಳುವ ದಿನಾಂಕ ಯಾವುದು? ಅದಕ್ಕೆ ಮುಂಚೆ ನನಗೆ ಹಣ ಬೇಕಾದರೆ ಏನು ಕಳೆದುಕೊಳ್ಳುತ್ತೇನೆ? ಅದಕ್ಕೆ ಮುಂಚೆ ಅವರೇ ತೀರಿಸಿಬಿಡುವ ಹಕ್ಕು ಅವರಿಗಿದೆಯೇ? ಐದಕ್ಕೂ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ, ಬಡ್ಡಿ ಎಷ್ಟೇ ಇರಲಿ, ಆ ಕಾಗದವನ್ನು ವಾಪಸ್ ಕೊಡಿ.